ಗುರಿ ತಪ್ಪದವನು

ಎರಡು ದಿನದಿಂದ ಗುರುಪಾದನಿಗೆ ಊಟ ಸೇರುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೊಬೈಲಿನ ಶೂಟಿಂಗ್ ಆಟದಲ್ಲಿ ಅವರ ನಾಲ್ವರ ತಂಡ ಫೈನಲ್ ಮುಟ್ಟಿದ್ದು ಅವನ ಗುರಿಯಿಂದಲೇ. ಆ ಗುರಿಯೋ, ಅವನು ಯಾರಿಗೂ ಹೇಳದೆ ಫೋನಿಗೆ ಹಾಕಿಕೊಂಡಿದ್ದ ಮೋಸದ ಆ್ಯಪಿನದು. ಗೊತ್ತಾದರೆ ತಂಡದಿಂದ ತೆಗೆಯುತ್ತಾರೆ. ಆ ಮೂವರನ್ನು ಬಿಟ್ಟರೆ ಅವನನ್ನು ಮಾತಾಡಿಸುವವರೇ ಇರಲಿಲ್ಲ. ಆದರೂ ಫೈನಲ್ ಶುರುವಾಗುವ ಮುನ್ನ, ತಡೆಯಲಾರದೆ ಮೈಕ್ ಆನ್ ಮಾಡಿ ಎಲ್ಲವನ್ನೂ ಹೇಳಿಬಿಟ್ಟ.

ಆ ಕಡೆಯಿಂದ ಯಾರದೋ ಮನೆಯ ಫ್ಯಾನು ಕಿರುಗುಟ್ಟುವುದಷ್ಟೇ ಕೇಳುತ್ತಿತ್ತು.

"ಬೇಕಾದ್ರ ಬೈರಿಲೇ. ಹಿಂಗ ಸುಮ್ನ ಮಾತ್ರ ಕುಂದರಬ್ಯಾಡ್ರಿ," ಎಂದ ಗುರುಪಾದ.

ಕ್ಯಾಪ್ಟನ್ ನಕ್ಕುಬಿಟ್ಟ. "ಇಷ್ಟಕ್ಕ ಅಳಾಕತ್ತೀಯೇನಲೇ ಹುಚ್ಚಾ? ಸೊಳ್ಳಿ ಹೊಡಿಯಾಕ ಬರದಾವ ನೀ. ಮೊದಲನೇ ಮ್ಯಾಚಿನಾಗ ನಮಗೆಲ್ಲಾ ಗೊತ್ತಾಗಿತ್ತು."

ಉಳಿದಿಬ್ಬರೂ ನಕ್ಕರು. ಗುರುಪಾದನ ಎದೆಯ ಮೇಲಿನ ಭಾರ ಇಳಿದಂತಾಯಿತು.

"ನೀವು ಇಷ್ಟ್ ಅಂದ್ರಲ್ಲ, ಸಾಕು. ಇವತ್ತ ಸಾಚಾ ಆಡೋಣು. ಆ ಆ್ಯಪ್ ಮುಂಜಾನೇನ ತೆಗದ ಒಗದೇನಿ."

ನಗು ನಿಂತಿತು.

"ತೆಗದ ಒಗದಿ?" ಎಂದ ಕ್ಯಾಪ್ಟನ್. "ಮತ್ತ ನೀ ಯಾತಕ್ಕಲೇ ನಮಗ?"