ಅಂಗಡಿಯ ಮೊದಲ ಫೋಟೊ

“ನಿನ್ನ ತಲೆಗೆ ಹೋಗುತ್ತೋ ಇಲ್ವೋ, ಆದರೂ ಹೇಳ್ತೀನಿ ಕೇಳು,” ಎಂದು ತಾರಾನಾಥ ಹೊಸ ಕ್ಯಾಮೆರಾವನ್ನು ಹೆಂಡತಿ ಕುಸುಮಳ ಕೈಗಿಟ್ಟ. “ಅಪರ್ಚರ್ ಅಂದ್ರೆ ಲೆನ್ಸಿನೊಳಗಿನ ಕಿಂಡಿ. ಸಣ್ಣ ಸಂಖ್ಯೆ ಇಟ್ಟರೆ ಕಿಂಡಿ ದೊಡ್ಡದಾಗುತ್ತೆ. ಬೆಳಕು ಧಾರಾಳವಾಗಿ ಬರುತ್ತೆ, ಹಿಂದಿರೋದೆಲ್ಲ ಮಸುಕಾಗುತ್ತೆ.”

ಮರುದಿನ ಅವನ ಅಂಗಡಿಯ ಉದ್ಘಾಟನೆ. ಪೇಪರಿಗೆ ಕೊಡಲು ಫೋಟೊ ಬೇಕಿತ್ತು. ಅವನ ಬೆನ್ನ ಹಿಂದೆ, ಮೈತುಂಬ ಮರದ ಪುಡಿ ಮೆತ್ತಿಕೊಂಡು, ಕುಸುಮಳ ಅಪ್ಪ ಅಳಿಯನ ಅಂಗಡಿ ಬಾಗಿಲಿಗೆ ಪಾಲಿಶ್ ಹಾಕುತ್ತಿದ್ದರು.

“ಅಪ್ಪನ್ನೂ ಪಕ್ಕಕ್ಕೆ ಕರೀಲಾ?” ಎಂದಳು ಕುಸುಮ.

“ಆ ಹರಕು ಬನಿಯನ್ನಲ್ಲಿ ಪೇಪರಿಗೆ ಬರ್ತಾರಾ? ಅವರನ್ನ ಕರೆದ್ರೆ ಕೆಲಸವೂ ನಿಲ್ಲುತ್ತೆ. ಮಸುಕು ಮಾಡು ಅಂತ ತಾನೇ ಇಷ್ಟು ಹೊತ್ತು ಪಾಠ ಹೇಳಿದ್ದು?”

“ಹಾಗಾದ್ರೆ ಇಬ್ಬರಲ್ಲಿ ಒಬ್ಬರೇ ಸ್ಪಷ್ಟವಾಗಿ ಬರೋದಾ?”

“ಅಬ್ಬಾ, ಅಷ್ಟಾದ್ರೂ ಅರ್ಥ ಆಯ್ತಲ್ಲ! ಯಾರ ಮೇಲೆ ಫೋಕಸ್ ಇಡ್ತೀಯೋ ಅವರು ಮಾತ್ರ.”

“ಆಯ್ತು ರೀ. ಸ್ವಲ್ಪ ಚೆನ್ನಾಗಿ ನಗ್ರಿ.”

ತಾರಾನಾಥ ಹೊಟ್ಟೆ ಒಳಗೆಳೆದು, ಎದೆಯುಬ್ಬಿಸಿ, ಹಲ್ಲು ಬಿಟ್ಟು ನಿಂತ. ಕುಸುಮ ಕಿಂಡಿಯನ್ನು ಪೂರ್ತಿ ತೆರೆದು, ಫೋಕಸ್ಸಿನ ಚೌಕವನ್ನು ಮೆಲ್ಲನೆ ಸರಿಸಿ ಅಪ್ಪನ ಮುಖದ ಮೇಲೆ ನಿಲ್ಲಿಸಿ, ಗುಂಡಿ ಒತ್ತಿದಳು.