ದಡಕ್ಕೆ ಬಾರದ ಮೋಡ

ಆರು ವರ್ಷದಿಂದ ಮುಂಗಾರಿನ ಮೋಡ ಕಡಲ ಮೇಲೆಯೇ ನಿಂತಿತ್ತು. ದಡದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ದೇವಕಿ ದಿನಾ ದೋಣಿಯಲ್ಲಿ ಮೋಡದಡಿಗೆ ಹೋಗಿ, ಮಳೆನೀರು ತುಂಬಿ ತಂದು ಮನೆಮನೆಗೆ ಮಾರುತ್ತಿದ್ದಳು. ಬರುವಾಗ ಮಧ್ಯಾಹ್ನವಾಗುತ್ತಿತ್ತು. ಇಂದು ಬೆಳಗಿನ ಗಂಜಿಯ ಹೊತ್ತಿಗೇ ಬಂದಳು.

“ಇಷ್ಟು ಬೇಗ ಹೆಂಗೆ ಬಂದ್ಯೇ ಮಾರಾಯ್ತಿ? ಬಾವಿ ನೀರಲ್ದಾ ಇದು?” ಯಮುನಕ್ಕ ಕೊಡ ಮೂಸಿದಳು.

“ಅಲ್ವೇ ಅಲ್ಲ ಅಕ್ಕಾ. ಇವತ್ತು ನಾಲ್ಕೂ ಕೊಡ ತಕಳಿ, ಬೇಗ.” ದೇವಕಿ ಕಣ್ಣು ತಪ್ಪಿಸಿದಳು.

ಊರ ಬಾವಿಯ ಉಪ್ಪುನೀರಿನಲ್ಲಿ ಸಾಬೂನು ನೊರೆಯಾಗುವುದಿಲ್ಲ. ಯಮುನಕ್ಕ ಬಟ್ಟೆಸಾಬೂನು ತಂದು, ಕೊಡದ ನೀರಿನಲ್ಲಿ ಕೈ ಉಜ್ಜಿದಳು. ನೊರೆ ಮೊಣಕೈವರೆಗೂ ಏರಿತು. ಮಳೆನೀರೇ!

ಹಾಗಾದರೆ ಇಷ್ಟು ಬೇಗ ಹೇಗೆ ತಂದಳು? ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮೇಲಿನಿಂದ ಒಂದು ಹನಿ ಟಪ್ಪನೆ ಬಿದ್ದು, ಅವಳ ಕೈಮೇಲಿನ ನೊರೆಯಲ್ಲಿ ತೂತು ಮಾಡಿತು.