ಕಸವಿಲ್ಲದ ಓಣಿಗೆ ಅನುದಾನ

ಬಿಸಾಡಿದ ಕಸ ಬಿಸಾಡಿದವರ ಮನೆಗೇ ನಡೆದುಕೊಂಡು ಬರಲು ಶುರುವಾದ ಮೇಲೆ ಹುಬ್ಬಳ್ಳಿಯ ಬಡ ಓಣಿಗಳು ಬೇಗ ಬುದ್ಧಿ ಕಲಿತವು. ಕಸ್ತೂರವ್ವನ ಮಹಿಳಾ ಸಂಘವಂತೂ ತನ್ನ ಓಣಿಯಲ್ಲಿ ಕಸ ಹುಟ್ಟದಂತೆಯೇ ಮಾಡಿತು. ಮಳೆಗಾಲದೊಳಗೆ ಗೊಬ್ಬರದ ಗುಂಡಿಗೊಂದು ಸೂರು ಬೇಕಿತ್ತು. ಸಂಘ ಕಸ ಕಡಿತದ ಅನುದಾನ ಕೇಳಿತು. ಪರಿಶೀಲನೆಗೆ ಬಂದ ಅಧಿಕಾರಿ ಹೊಸಮನಿ ಸಾಹೇಬರು ಕನ್ನಡಿಯಂತಿದ್ದ ಓಣಿ ಕಂಡು ಮುಖ ಸಿಂಡರಿಸಿದರು.

“ಕಸಾನ ಇಲ್ಲಲ್ಲ ಯವ್ವಾ! ಇಲ್ಲದ್ದು ಕಡಿಮಿ ಮಾಡಾಕ ಸರ್ಕಾರ ಯಾಕ ರೊಕ್ಕ ಕೊಡತೈತಿ? ಒಂದು ಗುಡ್ಡಿ ತೋರಸ್ರಿ, ಫೋಟೋ ಬೇಕು.”

ವಿಧಿಯಿಲ್ಲದೆ ಕಸ್ತೂರವ್ವ, ಸಾಹೇಬರೂ ವಾಸವಿದ್ದ ಆಫೀಸರ್ಸ್ ಕಾಲೋನಿಯಿಂದ ಒಂದು ಗಾಡಿ ಕಸ ಕಡ ತಂದು ಸುರಿಸಿದಳು. ಸಾಹೇಬರು ಮೊಬೈಲ್ ಎತ್ತುವಷ್ಟರಲ್ಲಿ ಗುಡ್ಡೆ ಎದ್ದು ಮನೆಯ ದಾರಿ ಹಿಡಿಯಿತು. ಅರ್ಧಕ್ಕರ್ಧ ಸೀದಾ ಅವರ ಜೀಪನ್ನೇ ಹತ್ತಿ ಕುಳಿತಿತು. ಕಸ್ತೂರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ತಿಂಗಳ ಮೇಲೆ ಸಾಹೇಬರ ಫೋನು ಬಂತು. “ಅನುದಾನ ನಮ್ಮ ಕಾಲೋನಿಗೆ ಮಂಜೂರಾತು. ಇಲ್ಲಿ ಕಸ ಬೇಕಾದಷ್ಟು ಐತಲ್ಲ! ಅದನ್ನ ಕಡಿಮಿ ಮಾಡೂದು ಹೆಂಗಂತ ನೀವ ಬಂದು ಕಲಿಸಿಕೊಡ್ರಿ.”

“ಬರತೇವ್ರಿ ಸಾಹೇಬ್ರ,” ಎಂದಳು ಕಸ್ತೂರವ್ವ. “ಆದ್ರ ಕಸ ಹೋತಂದ್ರ ಅನುದಾನಾನೂ ಹೋಕ್ಕೈತಿ. ವಿಚಾರ ಮಾಡ್ರಿ.”

ಸಾಹೇಬರು ವಿಚಾರ ಮಾಡಿದರು. ಕಾಲೋನಿಯ ಕಸ ಇಂದಿಗೂ ಸರ್ಕಾರಿ ಖರ್ಚಿನಲ್ಲಿ ಸುಖವಾಗಿದೆ.